ಮನೆಯೊಳಗಿನ ಜುಬಿಲಿ ಸರ್ಕಲ್

ಸ್ಲಾಟ್ ಕಾರ್ ಅಂದರೇನು ಅಂತ ಬೇರೆ ಊರಿನವರಿಗೆ ತಿಳಿಸಿ ಹೇಳಲು ಅರ್ಧ ತಾಸು ಬೇಕು. ಹುಬ್ಬಳ್ಳಿ-ಧಾರವಾಡದವರಿಗೆ ಒಂದೇ ಶಬ್ದ ಸಾಕು: ಚಿಗರಿ. ನಮ್ಮ ಚಿಗರಿ ಬಸ್ಸಿಗೆ ರಸ್ತೆಯ ನಡುವೆ ತನ್ನದೇ ಓಣಿ. ಅದನ್ನು ಬಿಟ್ಟು ಪಕ್ಕದ ಪೇರಲ ಹಣ್ಣಿನ ಗಾಡಿ ಕಡೆ ಹೊರಳುವಂತಿಲ್ಲ. ಡ್ರೈವರನಿಗೆ ಉಳಿದ ಸ್ವಾತಂತ್ರ್ಯ ಎರಡೇ, ಒತ್ತುವುದು ಮತ್ತು ಬಿಡುವುದು. ಸ್ಲಾಟ್ ಕಾರಿನದೂ ಇದೇ ಹಣೆಬರಹ. ಹಲಗೆಯಲ್ಲಿ ಕೊರೆದ ಒಂದು ಸೀಳು, ಅದರ ಎರಡೂ ಬದಿಗೆ ತಾಮ್ರದ ಪಟ್ಟಿ, ಪಟ್ಟಿಯಲ್ಲಿ 12 ವೋಲ್ಟ್ ಕರೆಂಟು. ಕಾರಿನ ಮೂತಿಯ ಕೆಳಗಿರುವ ಗೈಡ್ ಆ ಸೀಳಿನಲ್ಲಿ ಕೂತು ಕಾರಿಗೆ ದಾರಿ ತೋರಿಸುತ್ತದೆ. ನಮ್ಮ ಕೈಯಲ್ಲಿ ಒಂದು ಕಂಟ್ರೋಲರ್ ಮಾತ್ರ. ಸ್ಟೀರಿಂಗ್ ಇಲ್ಲವೇ ಇಲ್ಲ.

ಇಷ್ಟೆಲ್ಲ ಹೆಂಡತಿಗೆ ವಿವರಿಸಿದಾಗ ಆಕೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಹೇಳಿದಳು: "ಸ್ಟೀರಿಂಗ್ ಇಲ್ಲದ ಗಾಡಿ ಓಡಸೂದು ನಿಮಗೇನ್ ಹೊಸಾದ್ರಿ? ಲಗ್ನ ಆದಾಗಿಂದ ರೂಢಿ ಐತೆಲ್ಲ."

ಈ ಚಟ ನನ್ನದಲ್ಲ, ಪಿತ್ರಾರ್ಜಿತ. ನಮ್ಮ ಕಾಕಾ ಇಂಗ್ಲೆಂಡಿನಲ್ಲಿದ್ದು ಬಂದವರು. ಆಟಿಗೆ ಸಾಮಾನನ್ನು ಪರದೇಶದಿಂದ ತರಿಸಿ ಅಂಗಡಿಯಲ್ಲಿ ಮಾರುವ ಮಾತೇ ಇಲ್ಲದ ಆ ಕಾಲದಲ್ಲಿ ಅವರು ಟ್ರಂಕಿನ ತಳದಲ್ಲಿ, ಉಣ್ಣೆಯ ಸ್ವೆಟರುಗಳ ನಡುವೆ ಎರಡು ಸ್ಕೇಲೆಕ್ಸ್‌ಟ್ರಿಕ್ ಕಾರುಗಳನ್ನು ಮಲಗಿಸಿಕೊಂಡು ತಂದಿದ್ದರು. ಒಂದು ಹಸಿರು ವ್ಯಾನ್‌ವಾಲ್, ಇನ್ನೊಂದು ಕೆಂಪು ಲೋಟಸ್. ಈ ಕಾರುಗಳ ಮೂಲಪುರುಷ ಫ್ರೆಡ್ ಫ್ರಾನ್ಸಿಸ್ ಎಂಬ ಇಂಗ್ಲಿಷಿನವನು. 1952ರಲ್ಲಿ ಸ್ಪ್ರಿಂಗಿನ ಬಲದಿಂದ ಓಡುವ ತಗಡಿನ ಕಾರು ಮಾಡಿ ಅದಕ್ಕೆ ಸ್ಕೇಲೆಕ್ಸ್ ಎಂದು ಹೆಸರಿಟ್ಟ. ಜನಕ್ಕೆ ಸ್ಪ್ರಿಂಗು ಬೇಸರವಾಗುತ್ತಲೇ ಅದಕ್ಕೆ ಕರೆಂಟು ಕೊಟ್ಟು, 1957ರ ಹ್ಯಾರೊಗೇಟ್ ಆಟಿಗೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂದು ಓಡಿಸಿ ತೋರಿಸಿದ. ಬೇಡಿಕೆ ತಾಳಲಾರದೆ ಮರುವರ್ಷವೇ ಇಡೀ ಕಂಪನಿಯನ್ನು ಲೈನ್ಸ್ ಬ್ರದರ್ಸ್‌ಗೆ ಮಾರಿಬಿಟ್ಟ. ಜಾಣ. ತಾನು ಮಾಡಿದ ಕಾರನ್ನು ಅರವತ್ತು ವರ್ಷದ ನಂತರ ರಿಪೇರಿ ಮಾಡುತ್ತ ಕೂರುವ ಕೆಲಸವನ್ನು ಧಾರವಾಡದವರಿಗೆ ಬಿಟ್ಟ.

ನನ್ನ ಪಾಲಿಗೆ ಬಂದ ವ್ಯಾನ್‌ವಾಲ್ ಸಾಮಾನ್ಯ ಕಾರಲ್ಲ. ಅದರ ಅಸಲಿ ರೂಪ 1958ರಲ್ಲಿ ಫಾರ್ಮುಲಾ ಒನ್ ತಯಾರಕರ ಚಾಂಪಿಯನ್‌ಶಿಪ್ ಶುರುವಾದಾಗ ಮೊಟ್ಟಮೊದಲು ಅದನ್ನು ಗೆದ್ದದ್ದು. ಇದನ್ನೂ ಮನೆಯಲ್ಲಿ ಹೇಳಿದೆ. "ಗೆದ್ದಿದ್ದು ಅದು, ನೀವಲ್ಲ" ಎಂಬ ಟಿಪ್ಪಣಿಯೊಂದಿಗೆ ಮಾಹಿತಿ ದಾಖಲಾಯಿತು.

ಮೊದಲು ಟ್ರ್ಯಾಕು ಬೇಕು. ಹುಬ್ಬಳ್ಳಿಯಿಂದ ಧಾರವಾಡದವರೆಗಿನ ಚಿಗರಿ ಮಾರ್ಗವನ್ನೇ ಅಳತೆಗೆ ತಕ್ಕಂತೆ ಇಳಿಸಿ ಮಾಡಬೇಕೆಂಬುದು ನನ್ನ ಮಹದಾಸೆ. ಕಾರು ಅಸಲಿನ 32ನೇ ಒಂದು ಪಾಲು. ಹಾಗಾದರೆ 22 ಕಿಲೋಮೀಟರಿಗೂ ಮಿಕ್ಕ ದಾರಿಗೆ ಸುಮಾರು 700 ಮೀಟರ್ ಪ್ಲೈವುಡ್. ಹೆಂಡತಿಯ ಮುಖ ನೋಡಿ, ಹೋಗಲಿ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮ್ ಒಂದನ್ನಾದರೂ ಮಾಡೋಣ, ಬರೀ 47 ಮೀಟರ್ ಆಗುತ್ತದೆ ಎಂದು ರಿಯಾಯಿತಿ ತೋರಿಸಿದೆ. ನಮ್ಮ ಹಾಲ್ ಎಷ್ಟು ಉದ್ದ ಇದೆ ಎಂದು ಆಕೆ ಕೇಳಿದಳು. ಕೊನೆಗೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದೇ ಹಲಗೆಗೆ ರಾಜಿಯಾಯಿತು. ಅದೂ ಷರತ್ತಿನ ಮೇಲೆ: ಬೇಸಿಗೆಯಲ್ಲಿ ಹಲಗೆ ಮಾಳಿಗೆಗೆ ಹೋಗಬೇಕು, ಅದರ ಮೇಲೆ ಶಾವಿಗೆ ಒಣಗಬೇಕು.

ಸೀಳು ಕೊರೆದ ಬಡಿಗೇರ ಕೊನೆಯವರೆಗೂ ಅದನ್ನು ಟಿವಿ ಹಿಂದಿನ ಅಲಂಕಾರ ಎಂದೇ ನಂಬಿದ್ದ. ಮೂರು ಮಿಲಿಮೀಟರ್ ಅಗಲದ ಸೀಳು ಯಾಕೆಂದು ಕೇಳಲಿಲ್ಲ. ಡಿಸೈನ್ ಭಾಳ ಛಲೋ ಬಂದೈತಿ, ಲೈಟ್ ಹಾಕಸ್ರಿ ಎಂದು ಸಲಹೆ ಕೊಟ್ಟು ಹೋದ. ತಿರುವುಗಳಿಗೆ ನಾನು ಊರಿನ ಹೆಸರುಗಳನ್ನೇ ಇಟ್ಟೆ. ಉದ್ದನೆಯ ನೇರ ದಾರಿ ನವಲೂರು. ಸಲೀಸಾದ ದೊಡ್ಡ ತಿರುವು ಉಣಕಲ್ ಕೆರೆ. ಎರಡು ದಾರಿ ಒತ್ತೊತ್ತಾಗಿ ಬಂದು, ಯಾರು ಮೊದಲು ಹೋಗಬೇಕೆಂಬುದೇ ತಿಳಿಯದ ಜಾಗಕ್ಕೆ ಬೇರೆ ಹೆಸರು ಹುಡುಕುವ ಪ್ರಮೇಯವೇ ಬರಲಿಲ್ಲ, ಜುಬಿಲಿ ಸರ್ಕಲ್.

ಇನ್ನು ಮೋಟಾರು. ಈ ಕಾರಿನ ಮೋಟಾರಿಗೆ ಆರ್‌ಎಕ್ಸ್ ಎಂದು ಹೆಸರು. ಕಟ್ಟೆಯ ಮೇಲೆ ಕೂತಾಗ ಅಪ್ಪಿತಪ್ಪಿ "ನನ್ನ ಆರ್‌ಎಕ್ಸ್ ಬಿಚ್ಚೀನಿ" ಅಂದುಬಿಟ್ಟೆ. ನಮ್ಮ ವಯಸ್ಸಿನ ಗಂಡಸರಿಗೆ ಆ ಎರಡು ಅಕ್ಷರದ ಮುಂದೆ ನೂರು ತಾನಾಗಿಯೇ ಬಂದು ಕೂತು, ಹಳೆಯ ಬೈಕು ಕಣ್ಣ ಮುಂದೆ ನಿಲ್ಲುತ್ತದೆ. ಯಾವ ವರ್ಷದ್ದು, ಎಷ್ಟಕ್ಕೆ ಕೊಡ್ತಿ, ಸೈಲೆನ್ಸರ್ ಒರಿಜಿನಲ್ ಐತೇನು ಎಂದು ಮೂರು ದಿಕ್ಕಿನಿಂದ ಪ್ರಶ್ನೆ. ಮಾರನೆಯ ದಿನ ಒಬ್ಬ ಗೆಳೆಯ ಮುಂಗಡ ಹಣ ಹಿಡಿದುಕೊಂಡೇ ಮನೆಗೆ ಬಂದ. ಅಂಗೈ ಮೇಲೆ ಇಟ್ಟು ತೋರಿಸಿದೆ. ಚಹಾ ಕುಡಿಯದೆ ಹೋದ.

ಮೋಟಾರಿನ ವೇಗ ಹೆಚ್ಚಿಸುವ ಶಾಸ್ತ್ರ ಸರಳ. ಆರ್ಮೇಚರಿನ ಮೇಲಿನ ಹಳೆಯ ತಂತಿ ಬಿಚ್ಚಿ, ದಪ್ಪನೆಯ ತಂತಿಯನ್ನು ಕಡಿಮೆ ಸುತ್ತು ಸುತ್ತಬೇಕು. ತಡೆ ಇಳಿಯುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ, ಮೋಟಾರು ಜೋರಾಗಿ ತಿರುಗುತ್ತದೆ, ಅಷ್ಟೇ ಜೋರಾಗಿ ಕಾಯುತ್ತದೆ. ಮೂರು ಕಂಬಗಳ ಮೇಲೂ ಸುತ್ತು ಸರಿಸಮ ಇರಬೇಕು, ಇಲ್ಲವಾದರೆ ಇಡೀ ಕಾರು ನಡುಗುತ್ತದೆ. ಹುಬ್ಬಳ್ಳಿಯಲ್ಲಿ ಹೊಲದ ಪಂಪಿನ ಮೋಟಾರು ಕಟ್ಟಿಕೊಡುವ ಅಂಗಡಿಗಳಿಗೆ ಬರವಿಲ್ಲ. ಅಂಥ ಒಂದರಲ್ಲಿ ಟ್ರ್ಯಾಕ್ಟರ್ ಇಳಿದು ಬಂದ ರೈತರ ಸಾಲಿನಲ್ಲಿ ನಿಂತೆ. ನನ್ನ ಪಾಳಿ ಬಂದಾಗ ಮಿಸ್ತ್ರಿ ತಲೆ ಎತ್ತದೆ ಕೇಳಿದ, "ಎಷ್ಟ್ ಎಚ್‌ಪಿ?"

ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟೆ. ಆತ ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. "ಸರ, ಎಷ್ಟು ಎಕರೆ ಇದಕ್ಕ?" ಎಂದ. ಸಾಲಿನಲ್ಲಿದ್ದ ರೈತರು ನಕ್ಕದ್ದರಲ್ಲಿ ತಪ್ಪೇನಿಲ್ಲ. ಬೇಸಿಗೆಯಲ್ಲಿ ಅವರಿಗೂ ನಗಲು ಏನಾದರೂ ಬೇಕಲ್ಲ. ಸುತ್ತುವ ತಂತಿಯನ್ನು ಮಾತ್ರ ಪುಕ್ಕಟೆ ಕೊಟ್ಟ. ಕೆಲಸ ನಾನೇ ಮಾಡಿದೆ, ಅವ್ವನ ಕನ್ನಡಕದ ಮೇಲೆ ನನ್ನ ಕನ್ನಡಕ ಹಾಕಿಕೊಂಡು.

ಹೊಸದಾಗಿ ಕಟ್ಟಿದ ಮೋಟಾರನ್ನು ಒಮ್ಮೆಲೇ 12 ವೋಲ್ಟಿಗೆ ಹಚ್ಚಬಾರದು. ಎರಡು ಸಣ್ಣ ಸೆಲ್ಲಿನ ಮೂರು ವೋಲ್ಟಿನಲ್ಲಿ ತಾಸುಗಟ್ಟಲೆ ಮೆಲ್ಲಗೆ ತಿರುಗಿಸುತ್ತಿದ್ದರೆ ಕಾರ್ಬನ್ ಬ್ರಶ್ಶು ಕಮ್ಯುಟೇಟರಿನ ಗುಂಡಗೆ ಹೊಂದಿಕೊಂಡು ಸವೆಯುತ್ತದೆ. ಮನೆಯಲ್ಲಿ ಯಾರೂ ಕೈ ಹಚ್ಚದ, ಧೂಳಿಲ್ಲದ ಜಾಗ ಒಂದೇ, ದೇವರ ಮಾಡ. ಬೆಳಗಿನ ಜಾವ ಪೂಜೆಗೆ ಹೋದ ಅವ್ವ ಗಾಬರಿಯಿಂದ ಹೊರಬಂದಳು: "ದೇವರ ಕೋಣ್ಯಾಗ ದುಂಬಿ ಹೊಕ್ಕೈತಿ. ರಾತ್ರಿಯೆಲ್ಲಾ ಜಪಾ ಮಾಡಾಕತ್ತೈತಿ." ಇಬ್ಬರು ನೆರೆಯವರು ಬಂದು ಕೈಮುಗಿದು ಹೋದ ಮೇಲೆ ನನಗೆ ಸತ್ಯ ಹೇಳುವ ಧೈರ್ಯವಾಗಲಿಲ್ಲ. ಬ್ರಶ್ಶು ಮಾತ್ರ ಅದ್ಭುತವಾಗಿ ಕೂತಿತ್ತು.

ಅರವತ್ತರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳು ಹಿತ್ತಾಳೆಯ ಸರಳು, ಪಿಯಾನೋ ತಂತಿ ಬಾಗಿಸಿ ಬೆಸುಗೆ ಹಾಕಿ ತಮ್ಮದೇ ಚಾಸಿ ಕಟ್ಟುತ್ತಿದ್ದರು. ಧಾರವಾಡದಲ್ಲಿ ಪಿಯಾನೋ ತಂತಿಗೆ ಎಲ್ಲಿ ಹೋಗುವುದು? ಆದರೆ ಸಿತಾರ ಕಲಿಯುವ ಮನೆ ಪ್ರತಿ ಓಣಿಗೊಂದು ಸಿಗುತ್ತದೆ. ಪಕ್ಕದ ಮನೆಯ ಹುಡುಗಿ ಹರಿದ ಬಾಜ್ ತಂತಿಯೊಂದನ್ನು ಕೊಟ್ಟಳು. ಗೈಡ್ ತಿರುವಿನಲ್ಲಿ ಹೊರಳಿ ಮತ್ತೆ ನೆಟ್ಟಗೆ ಬರಲು ಅದರಿಂದ ಸ್ಪ್ರಿಂಗ್ ಮಾಡಿದೆ. ನನ್ನ ವ್ಯಾನ್‌ವಾಲ್ ಹಿಂದೂಸ್ತಾನಿ ಘರಾಣೆಗೆ ಸೇರಿದ್ದು ಹೀಗೆ.

ಟೈರಿನ ಕಥೆ ದೊಡ್ಡದು, ಯಾಕೆಂದರೆ ಸ್ಲಾಟ್ ಕಾರಿನ ವೇಗವೆಲ್ಲ ಕೊನೆಗೆ ಹಿಂದಿನ ಎರಡು ಟೈರಿನಲ್ಲಿ ಇರುತ್ತದೆ. ಈಗಿನ ಕಾರುಗಳ ಹೊಟ್ಟೆಯಲ್ಲಿ ಅಯಸ್ಕಾಂತ ಇಟ್ಟು ಹಳಿಗೆ ಅಂಟಿಸುತ್ತಾರೆ. ಹಳೆಯ ಕಾರಿಗೆ ಆ ಸೌಕರ್ಯವಿಲ್ಲ. ರಬ್ಬರು ಹಿಡಿದರೆ ಹಿಡಿಯಿತು, ಇಲ್ಲವಾದರೆ ಇಲ್ಲ. ಅರವತ್ತು ವರ್ಷದ ರಬ್ಬರು ಗಟ್ಟಿಯಾಗಿ ಬಳೆಯಾಗಿತ್ತು. ಅದನ್ನು ಮೆತ್ತಗೆ ಮಾಡಲು ಹವ್ಯಾಸಿಗಳು ಬಳಸುವುದು ವಿಂಟರ್‌ಗ್ರೀನ್ ಎಣ್ಣೆ. ನಮ್ಮ ಗಂಧಪುರ ತೈಲವೂ ಅದೇ ಕುಲದ ಗಿಡದ್ದು, ನೋವಿನ ಮುಲಾಮುಗಳ ವಾಸನೆಯೂ ಅದೇ. ಪಂಸಾರಿ ಅಂಗಡಿಯಿಂದ ಒಂದು ಬಾಟಲಿ ತಂದು ಹಚ್ಚಿ, ಕಾರನ್ನು ಮರಳು ಕಾಗದದ ಮೇಲೆ ಹಿಡಿದು ಮೋಟಾರು ಓಡಿಸಿದೆ. ಟೈರು ದುಂಡಗಾಗಬೇಕಾದರೆ ಹೀಗೆಯೇ ತಿಕ್ಕಬೇಕು. ಕರಿ ಪುಡಿ ಎಲ್ಲಿಗೆ ಹಾರಿತು ಎಂಬುದು ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಗಳಿಗೆ ಗೊತ್ತು.

ವಾಸನೆ ಓಣಿ ಹಬ್ಬಿತು. ಮೂಲಿ ಮನಿಯವರು ಬಂದು "ಯಾರಿಗೆ ಸೊಂಟಾ ಹಿಡದೈತ್ರಿ?" ಎಂದು ವಿಚಾರಿಸಿದರು. ಹೆಂಡತಿ ಗಂಭೀರವಾಗಿ "ಗಾಡಿಗೆ" ಎಂದಳು.

ಆಮೇಲೆ ತೂಕ. ಕಾರಿನ ತೂಕ ಆದಷ್ಟು ಕೆಳಗೆ, ನೆಲಕ್ಕೆ ಹತ್ತಿರ, ಎರಡು ಅಚ್ಚುಗಳ ನಡುವೆ ಇರಬೇಕು. ಆಗ ತಿರುವಿನಲ್ಲಿ ಮಗುಚುವುದಿಲ್ಲ. ಕಾರಿನ ಟೈರ್ ಅಂಗಡಿಯಲ್ಲಿ ವ್ಹೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ ಐದೈದು ಗ್ರಾಮಿನ ತುಂಡುಗಳನ್ನು ತಂದು ಚಾಸಿಯ ತಳಕ್ಕೆ ಹಚ್ಚುತ್ತ ಈ ಸೂತ್ರವನ್ನು ಹೆಂಡತಿಗೆ ಬಿಡಿಸಿ ಹೇಳಿದೆ. ಆಕೆ ನನ್ನ ನಡುವನ್ನು ಒಮ್ಮೆ ನೋಡಿ, "ಹಂಗಾದ್ರ ನೀವು ಎಂಥಾ ತಿರುವಿನ್ಯಾಗೂ ಬೀಳಂಗಿಲ್ಲ ಬಿಡ್ರಿ" ಎಂದಳು.

ಪಿನಿಯನ್, ಕ್ರೌನ್ ಹಲ್ಲುಚಕ್ರಗಳನ್ನು ಲೈನ್ ಬಜಾರಿನ ಪೇಢೆಯ ಖಾಲಿ ಡಬ್ಬಿಯಲ್ಲಿ ಇಟ್ಟಿದ್ದೆ. ಧಾರವಾಡದ ಮನೆಯಲ್ಲಿ ಪೇಢೆಯ ಡಬ್ಬಿ ಕಂಡ ಬೀಗರು ತಾವಾಗಿಯೇ ತೆಗೆಯುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಬಾಯಿಗೂ ಹಾಕಿಕೊಂಡರು; ಹಲ್ಲಿಗೆ ಹಲ್ಲು ತಾಗಿತು. ಇನ್ನು ಮಹಾನವಮಿಯ ಆಯುಧಪೂಜೆಗೆ ಅವ್ವ ಸ್ಕೂಟರಿನ ಜೊತೆ ಈ ಕಾರುಗಳಿಗೂ ವಿಭೂತಿ, ಕುಂಕುಮ, ಚೆಂಡುಹೂ ಏರಿಸಿದಳು. ಗಾಲಿಯ ಕೆಳಗೆ ನಿಂಬೆಹಣ್ಣು ಇಡುವಾಗ ಮಾತ್ರ ಸಮಸ್ಯೆ ಆಯಿತು, ನಿಂಬೆಹಣ್ಣು ಕಾರಿಗಿಂತ ಎತ್ತರ. ಕೊನೆಗೆ ಹಣ್ಣಿನ ಮೇಲೆ ಕಾರನ್ನೇ ಇಟ್ಟಳು. ವಿಭೂತಿ ಹಲ್ಲುಚಕ್ರಕ್ಕೆ ಇಳಿದದ್ದು ನೋಡಿ ನನ್ನ ಜೀವ ಹೋಯಿತು. ತೊಳೆದು ಓಡಿಸಿದರೆ ಕರಕರ ಸದ್ದೇ ಇಲ್ಲ! ಪರದೇಶದ ಹವ್ಯಾಸಿಗಳು ಹಲ್ಲುಚಕ್ರ ನುಣುಪು ಮಾಡಲು ಟೂತ್‌ಪೇಸ್ಟ್ ಹಾಕಿ ತಿರುಗಿಸುತ್ತಾರೆ. ಅವರಿಗೆ ನಮ್ಮ ಅವ್ವ ಇಲ್ಲ.

ಎಲ್ಲ ಮುಗಿದು ಓಡಿಸಿದಾಗ ಕಾರು ಸೆಕೆಂಡಿಗೆ ಎರಡು ಮೀಟರ್ ದಾಟಿತು. ತಾಸಿಗೆ ಏಳು ಕಿಲೋಮೀಟರ್ ಚಿಲ್ಲರೆ. ಆದರೆ 32ರಿಂದ ಗುಣಿಸಿದರೆ 230! ಅಡಿಗೆಮನೆಗೆ ಓಡಿ ಹೇಳಿದೆ.

"ಅದ ಲೆಕ್ಕದಾಗ ನಿಮ್ಮ ಪಗಾರಾನೂ ಗುಣಿಸಿ ಒಮ್ಮೆ ಹೇಳ್ರಿ" ಎಂದಳು.

ಹೀಗೆ ಮಾತು ಬೆಳೆದು ಪಂದ್ಯಕ್ಕೆ ಬಂತು. ನನಗೆ ವ್ಯಾನ್‌ವಾಲ್, ಆಕೆಗೆ ನಾನು ಮುಟ್ಟದೇ ಬಿಟ್ಟಿದ್ದ ಕೆಂಪು ಲೋಟಸ್, ಅದೇ ಹಳೆಯ ಸುತ್ತು, ಅದೇ ಹಳೆಯ ಗೇರು. ಟೈರಿಗೆ ಮಾತ್ರ, ದಾಕ್ಷಿಣ್ಯಕ್ಕೆ, ಉಳಿದ ಎಣ್ಣೆ ಒರೆಸಿದ್ದೆ. ನವಲೂರಿನ ನೇರ ದಾರಿಯಲ್ಲಿ ನಾನು ಕಣ್ಣಿಗೆ ಕಾಣದಂತೆ ಹೋದೆ. ಜುಬಿಲಿ ಸರ್ಕಲಿನಲ್ಲಿ ನಿಜವಾಗಿಯೂ ಕಣ್ಣಿಗೆ ಕಾಣಲಿಲ್ಲ. ಕಾರು ಹಾರಿ ದಿವಾನದ ಕೆಳಗೆ ಸೇರಿತ್ತು. ಎತ್ತಿ ಇಟ್ಟೆ, ಹಾರಿತು. ಆಕೆ ದಿನಾ ಸಂಜೆ ಸ್ಕೂಟಿಯ ಮೇಲೆ ಅಸಲಿ ಜುಬಿಲಿ ಸರ್ಕಲ್ ದಾಟಿ ಬರುವವಳು. ತಿರುವು ಬರುವ ಮುಂಚೆ ಕಂಟ್ರೋಲರ್ ಬಿಡುತ್ತಿದ್ದಳು. ಬಿಟ್ಟೊಡನೆ ಮೋಟಾರಿನ ಎರಡು ತುದಿ ಒಂದಾಗಿ ಅದು ತಾನೇ ಡೈನಮೋ ಆಗಿ ಗಾಲಿಯನ್ನು ಹಿಡಿಯುತ್ತದೆ, ಇದೇ ಇದರ ಬ್ರೇಕು. ಈ ತತ್ವವನ್ನು ನಾನು ವಿವರವಾಗಿ ಹೇಳುತ್ತಿದ್ದಾಗ ಆಕೆ ಮತ್ತೊಂದು ಸುತ್ತು ಮುಗಿಸಿದಳು. ನಾನು ಸೋತದ್ದಕ್ಕೆ ತಾಂತ್ರಿಕ ಕಾರಣವಿದೆ: ಶಾವಿಗೆಯ ಒಂದು ಎಳೆ ನನ್ನ ಸೀಳಿನಲ್ಲಿ ಸಿಕ್ಕಿತ್ತು. ಅದು ಕೊನೆಯ ಸುತ್ತಿನಲ್ಲಿ ಮಾತ್ರ ಎಂಬುದು ಸಣ್ಣ ವಿಷಯ.

ಮುಂದಿನ ತಿಂಗಳ ಭಿಶಿ, ಅಂದರೆ ಹೆಣ್ಣುಮಕ್ಕಳ ಚೀಟಿ ಕೂಟ, ನಮ್ಮ ಮನೆಯಲ್ಲಿತ್ತು. ಆಫೀಸಿನಿಂದ ಬಂದು ನೋಡಿದರೆ ಹಲಗೆ ದಿವಾನದ ಮೇಲೆ, ಸುತ್ತಲೂ ಓಣಿಯ ಹೆಣ್ಣುಮಕ್ಕಳು, ಭಿಶಿಯ ಚೀಟಿ ಎತ್ತುವ ಬದಲು ಪಂದ್ಯ. ಗೆದ್ದವರಿಗೆ ಈ ತಿಂಗಳ ಗಂಟು. ನನಗೆ ಕೊಟ್ಟ ಕೆಲಸ ಚಹಾ ತರುವುದು, ಬಿದ್ದ ಕಾರು ಎತ್ತಿ ಕೊಡುವುದು. ಬಿಚ್ಚಿ ನೋಡಲೇ ಎಂದು ಸ್ಕ್ರೂಡ್ರೈವರ್ ತೆಗೆದರೆ, "ಏ, ನೀವು ಕೈ ಹಚ್ಚಬ್ಯಾಡ್ರಿ, ಛಲೋ ಓಡಾಕತ್ತಾವ" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಮೂಲಿ ಮನಿಯವರು ಮಾತ್ರ ಮೆಲ್ಲಗೆ ಕರೆದು, "ಅಣ್ಣಾರ, ನಂದು ಭಾಳ ಜಾರಾಕತ್ತೈತಿ. ಆ ಸೊಂಟದ ಎಣ್ಣಿ ಒಂದೀಟು ಹಚ್ಚಿ ಕೊಡ್ರಿ" ಎಂದರು. ಒಬ್ಬರಿಗಾದರೂ ಶಾಸ್ತ್ರದ ಬೆಲೆ ಗೊತ್ತಾಯಿತಲ್ಲ ಎಂದು ಬಾಟಲಿ ತರಲು ಓಡಿದೆ. ಬಾಟಲಿ ಖಾಲಿ. ಅಡಿಗೆಮನೆ, ಕಪಾಟು, ದೇವರ ಮಾಡ, ಎಲ್ಲೂ ಇನ್ನೊಂದಿಲ್ಲ. ತಿರುಗಿ ನೋಡಿದರೆ ವರ್ಷಗಟ್ಟಲೆ ಕೋಲು ಬಿಡದ ಅವ್ವ ಕೋಲಿಲ್ಲದೆ, ಗಂಧಪುರ ತೈಲದ ಘಮ ಸೂಸುತ್ತ, ಕೋಣೆಯಿಂದ ಸರಸರ ಹಾಲಿಗೆ ಬಂದಳು. ಸೊಸೆಯ ಕೈಯಿಂದ ಕಂಟ್ರೋಲರ್ ಇಸಿದುಕೊಂಡಳು.

"ಸರೀರಿ ಎಲ್ಲಾರೂ. ನನ್ನ ಪಾಳಿ."