ಮೂರನೇ ಅಧ್ಯಾಯಕ್ಕೇ ನಿಂತ ಕಂಪನಿ

ಹುಣಸಮಾರನಹಳ್ಳಿಯ ಸರ್ವಿಸ್ ರಸ್ತೆಯ ಪಕ್ಕ, ಏರ್‌ಪೋರ್ಟಿಗೆ ಓಡುವ ಟ್ಯಾಕ್ಸಿಗಳ ಹಾರ್ನ್ ಕಿವಿಗೆ ಬೀಳುವಷ್ಟು ದೂರದ ಒಂದು ಗೋಡೌನಿನಲ್ಲಿ ನಾನು ಎರಡು ವರ್ಷ ಲೆಕ್ಕ ಬರೆದೆ. ಮಾಲೀಕರು ದೈವಭಕ್ತರು. ಬೆಳಿಗ್ಗೆ 8.45ಕ್ಕೆ ಡಿವೋಷನ್, 9ಕ್ಕೆ ಥಂಬ್. ದೇವರಿಗೆ ಕೊಟ್ಟ ಆ ಹದಿನೈದು ನಿಮಿಷ ಹಾಜರಿಗೆ ಸೇರುತ್ತಿರಲಿಲ್ಲ. ತಪ್ಪಿಸಿಕೊಂಡವರ ಹೆಸರು ಮಾತ್ರ ಸೇರುತ್ತಿತ್ತು. ಯಲಹಂಕ ವಾಯುನೆಲೆಯಲ್ಲಿ ಏರ್ ಶೋ ತಾಲೀಮು ನಡೆವ ದಿನಗಳಲ್ಲಿ ಜೆಟ್‌ಗಳ ಸದ್ದಿಗೆ ಪ್ರಾರ್ಥನೆಯ ಒಂದಕ್ಷರವೂ ಕೇಳುತ್ತಿರಲಿಲ್ಲ. ಆಮೆನ್ ಮಾತ್ರ ಎಲ್ಲರದೂ ಒಟ್ಟಿಗೇ ಬೀಳುತ್ತಿತ್ತು.

ಅಲ್ಲಿ ಸಾರ್, ಮೇಡಂ ಇಲ್ಲ. ಎಲ್ಲರೂ ಬ್ರದರ್, ಸಿಸ್ಟರ್. ಅದರ ವ್ಯಾಕರಣ ಎರಡೇ ತಿಂಗಳಲ್ಲಿ ಬಂತು. ‘ಬ್ರದರ್’ ಎಂದು ಮೆತ್ತಗೆ ಕರೆದರೆ ಭಾನುವಾರ ಲೋಡ್ ಇಳಿಸಬೇಕು. ‘ಪ್ರೇಯರ್ ಮಾಡೋಣ ಬ್ರದರ್’ ಎಂದರೆ ಈ ತಿಂಗಳೂ ಸಂಬಳ ತಡ. ಸಾವಿರಕ್ಕಿಂತ ಕಡಿಮೆ ಆಳಿರುವ ಕಡೆ 7ನೇ ತಾರೀಖಿನೊಳಗೆ ಸಂಬಳ ಕೊಡಿ ಎಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. ನಮ್ಮಲ್ಲಿ 7ನೇ ತಾರೀಖು ಉಪವಾಸ ಪ್ರಾರ್ಥನೆ. ಕಾಯ್ದೆಯಾದರೂ ಏಳು ದಿನ ಬಿಟ್ಟಿತು. ಯಾಜಕಕಾಂಡದ 19ನೇ ಅಧ್ಯಾಯ ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಲೂ ಬಿಡುವುದಿಲ್ಲ. ಸಬ್ಬತ್ತಿನ ರಜೆಯನ್ನು ಧರ್ಮೋಪದೇಶಕಾಂಡ ಎತ್ತಿಗೂ ಕತ್ತೆಗೂ ಬರೆದುಕೊಟ್ಟಿದೆ. ಡಿಸ್ಪ್ಯಾಚ್ ಸೆಕ್ಷನ್ನಿನ ಹೆಸರು ಆ ಪಟ್ಟಿಯಲ್ಲಿ ಬಿಟ್ಟುಹೋಗಿರಬೇಕು.

ರಿಸೆಪ್ಷನ್ ಗೋಡೆಯ ಮೇಲೆ ಬಂಗಾರದ ಅಂಚಿನ ಚೌಕಟ್ಟು. ಅದರೊಳಗೆ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದ ಕೊನೆ: ದಾಸರು ಯಜಮಾನರ ಮಾತು ಕೇಳಬೇಕು, ಮಾಡುವ ಕೆಲಸವನ್ನು ಕರ್ತನಿಗೇ ಮಾಡಿದಂತೆ ಮನಸಾರೆ ಮಾಡಬೇಕು ಎಂಬ ಭಾಗ. ಅದೇ ಉಸಿರಿನಲ್ಲಿ ಪೌಲ ಯಜಮಾನರ ಕಡೆಗೂ ತಿರುಗಿ, ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಮೇಲೊಬ್ಬ ಯಜಮಾನನಿದ್ದಾನೆ ಎನ್ನುತ್ತಾನೆ. ದುರದೃಷ್ಟಕ್ಕೆ ಆ ಮಾತು ನಾಲ್ಕನೇ ಅಧ್ಯಾಯದ ಮೊದಲ ವಚನವಾಗಿ ಕೂತಿದೆ. ಪೌಲನಿಗೆ ಅಧ್ಯಾಯಗಳ ಗೊಡವೆಯೇ ಇರಲಿಲ್ಲ. ಹದಿಮೂರನೇ ಶತಮಾನದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಪಂಡಿತ ಬೈಬಲನ್ನು ಅಧ್ಯಾಯಗಳಾಗಿ ಒಡೆದ. ವಚನಗಳಿಗೆ ನಂಬರು ಬಿದ್ದದ್ದು 1551ರಲ್ಲಿ. ಆಳಿನ ಕರ್ತವ್ಯ ಒಂದು ಪುಟ, ಧಣಿಯ ಕರ್ತವ್ಯ ಮತ್ತೊಂದು ಪುಟ ಎಂದಾಯಿತು. ಚೌಕಟ್ಟು ಹಾಕುವವರಿಗೆ ಇಷ್ಟು ಉಪಕಾರ ಮಾಡಿದವರು ಇನ್ನಾರೂ ಇಲ್ಲ.

ಪಕ್ಕದ ಶೆಡ್ಡಿನವರು ಬಸವಣ್ಣನ ಪಟದ ಕೆಳಗೆ ‘ಕಾಯಕ’ ಎಂದು ಬರೆಸಿದ್ದರು. ದಾಸೋಹ ಅಲ್ಲಿ ಕ್ಯಾಂಟೀನ್ ಕೂಪನ್ ತಗೊಂಡವರಿಗೆ.

ಒಂದು ಶನಿವಾರ ‘ಕ್ರೈಸ್ತ ಮೌಲ್ಯಗಳು ಮತ್ತು ಉದ್ಯೋಗಿಯ ನಡತೆ’ ಎಂಬ ಕಾರ್ಯಾಗಾರ. ಧಣಿಯ ಹಣವನ್ನು ದುಪ್ಪಟ್ಟು ಮಾಡಿಕೊಟ್ಟ ಆಳುಗಳ ಸಾಮ್ಯದ ಮೇಲೆ ಒಂದೂವರೆ ಗಂಟೆ ಮಾತಾಯಿತು. ಅದರಿಂದ ಟಾರ್ಗೆಟ್, ಇನ್ಸೆಂಟಿವ್ ಎಲ್ಲ ಹುಟ್ಟಿಬಂದವು. ಹಾಗಾದರೆ ದ್ರಾಕ್ಷಿತೋಟದ ಯಜಮಾನನ ಕಥೆ? ಸಂಜೆ ಬಂದು ಒಂದೇ ಗಂಟೆ ದುಡಿದವನಿಗೂ ಪೂರ್ತಿ ದಿನಗೂಲಿ ಕೊಟ್ಟವನಲ್ಲವೇ ಎಂದು ಕೇಳಿದೆ. ‘ಅದು ಪರಲೋಕರಾಜ್ಯದ ವಿಷಯ ಬ್ರದರ್’ ಎಂದರು. ಆಳಿನ ಸಾಮ್ಯ ಇಹಕ್ಕೆ, ಧಣಿಯ ಸಾಮ್ಯ ಪರಕ್ಕೆ.

ಇದು ನಿನ್ನೆ ಮೊನ್ನೆಯ ಜಾಣತನ ಎನ್ನುವ ಹಾಗೂ ಇಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದಾಗ ಅಲ್ಲೂ ದಿನ ಶುರುವಾಗುತ್ತಿದ್ದದ್ದು ಪ್ರಾರ್ಥನೆಯಿಂದಲೇ. ಕೆಲಸ ಕೊಟ್ಟವರು, ಸಭೆ ನಡೆಸಿದವರು ಒಬ್ಬರೇ ಆದ್ದರಿಂದ ಶನಿವಾರ ರಾತ್ರಿಯ ಹೆಂಡದ ವಾಸನೆ ಎರಡೂ ಕಡೆ ಬಡಿಯುತ್ತಿತ್ತು. ಆದರೆ ಒಂದು ಮಾತು ಒಪ್ಪಬೇಕು: ಮತಾಂತರವಾಗಿ ಜಾತಿ, ಕುಲಕಸುಬು, ಮನೆ ಎಲ್ಲ ಕಳಕೊಂಡವರಿಗೆ ಅನ್ನ ಹುಟ್ಟಲಿ ಎಂದೇ ಮಿಷನ್ನಿನ ಮಗ್ಗ, ಹಂಚು ಬಂದವು. ಅಲ್ಲಿ ಪ್ರಾರ್ಥನೆಯ ಹಿಂದೆ ಕೂಲಿ ಇತ್ತು. ಆ ಹಂಚು ಎಷ್ಟೋ ಹಳೆಯ ಮನೆಗಳ ಮೇಲೆ ಇಂದಿಗೂ ಸೋರದೆ ಕೂತಿವೆ. ನಮ್ಮ ಗೋಡೌನಿನ ಶೀಟು ಮೊದಲ ಮಳೆಗೇ ಸೋರಿತು.

ಬೆಟ್ಟಹಲಸೂರಿನ ಕಡೆಯಿಂದ ಬರುತ್ತಿದ್ದ ಹೌಸ್‌ಕೀಪಿಂಗ್ ಅಕ್ಕ ಒಂದು ತಿಂಗಳಲ್ಲಿ ಹತ್ತೊಂಬತ್ತೇ ದಿನ ದುಡಿದು ನಿಂತುಬಿಟ್ಟಳು. ಎಚ್‌ಆರ್ ಸಿಸ್ಟರ್ ಲೆಕ್ಕ ತಂದರು: ನೋಟಿಸ್ ಮೂವತ್ತು ದಿನ, ದುಡಿದದ್ದು ಹತ್ತೊಂಬತ್ತು, ಅವಳೇ ಕಂಪನಿಗೆ ಹನ್ನೊಂದು ದಿನದ ಸಂಬಳ ಬಾಕಿ. ‘ಹೇಳದೆ ಕೇಳದೆ ಹೋಗೋದು ಕ್ರೈಸ್ತ ನಡತೆ ಅಲ್ಲ ಬ್ರದರ್.’

ಗೋಡೆಯ ಮೇಲಿನ ಆ ಪತ್ರವನ್ನು ಕೊಲೊಸ್ಸೆಗೆ ಒಯ್ದ ಇಬ್ಬರಲ್ಲಿ ಒಬ್ಬ ಒನೇಸಿಮ. ಧಣಿ ಫಿಲೆಮೋನನಿಂದ ನೋಟಿಸ್ ಕೊಡದೆ ಓಡಿಹೋಗಿದ್ದ ದಾಸ ಎಂದೇ ಅವನ ಕಥೆ ಹೇಳುತ್ತಾರೆ. ಪೌಲ ಫಿಲೆಮೋನನಿಗೂ ಒಂದು ಪತ್ರ ಬರೆದ. ಇವನನ್ನು ಇನ್ನು ಮೇಲೆ ದಾಸನಂತಲ್ಲ, ಸಹೋದರನಂತೆ ಸೇರಿಸಿಕೋ. ನಿನಗೇನಾದರೂ ಬಾಕಿ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಎಂದು ಕೇಳಿಕೊಂಡ.

ಲೆಕ್ಕ ನನ್ನ ಕೈಯಲ್ಲೇ ಇತ್ತಲ್ಲ. ಅಕ್ಕನ ಹತ್ತೊಂಬತ್ತು ದಿನದ ಸಂಬಳ ಪೂರ್ತಿ ಬಿಡುಗಡೆ ಮಾಡಿ, ನೋಟಿಸಿನ ಮೂವತ್ತು ದಿನವನ್ನು ಪೌಲನ ಹೆಸರಿಗೆ ಖರ್ಚು ಬರೆದೆ. ಮಾರ್ಚಿನಲ್ಲಿ ಆಡಿಟರ್ ಬಂದರು. ಲೆಡ್ಜರ್ ಮೇಲೆ ಪೆನ್ಸಿಲ್ ಊರಿ ಕೇಳಿದರು: ‘ಈ ಪೌಲ ಯಾರ್ರೀ? ವೆಂಡರ್ ಪಟ್ಟಿಯಲ್ಲಿ ಹೆಸರೇ ಇಲ್ವಲ್ಲ?’