ಮೇಲೊಂದು ಡಾಲರ್

ಹಡಗಿನ ಜಾಹೀರಾತುಗಳಲ್ಲಿ ಕೊನೆಯ ದಿನ ಇರುವುದೇ ಇಲ್ಲ. ಹಿಮನದಿ ಇರುತ್ತದೆ, ಬಾಲ ಎತ್ತಿದ ತಿಮಿಂಗಿಲ ಇರುತ್ತದೆ, ವೈನಿನ ಲೋಟ ಹಿಡಿದು ನಗುವ ಬೆಳ್ಳಿಗೂದಲ ದಂಪತಿ ಇರುತ್ತಾರೆ. ಮಂಚದ ತುಂಬ ಸೀರೆ ಹರಡಿಕೊಂಡು, "ಬರುವಾಗ ಹಿಡಿಸಿದ್ದು ಹೋಗುವಾಗ ಯಾಕೆ ಹಿಡಿಸಲ್ಲ?" ಎಂದು ಸೂಟ್‌ಕೇಸಿನ ಮೇಲೇ ಹತ್ತಿ ಕೂತ ಅಮ್ಮಂದಿರನ್ನು ಯಾರೂ ತೋರಿಸುವುದಿಲ್ಲ.

ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ನೋಡಿ ಸಿಯಾಟಲ್‌ಗೇ ಮರಳುವ ಒಂದು ವಾರದ ಹಡಗು ಅದು. ನಾನಿರುವುದು ಸ್ಯಾನ್ ಹೋಸೆಯಲ್ಲಿ, ಅಮ್ಮ ತೀರ್ಥಹಳ್ಳಿ ಕಡೆಯಿಂದ ಬಂದವಳು. "ತಾಯಿ ಮಗಳು ಇಬ್ಬರೇ ಹೋಗಿ ಬನ್ನಿ" ಎಂದು ನನ್ನ ಗಂಡ ಔದಾರ್ಯ ತೋರಿದ್ದ. ಆ ಔದಾರ್ಯದಲ್ಲಿ ವಾರವಿಡೀ ಟಿವಿ ರಿಮೋಟು ತನ್ನ ಕೈಯಲ್ಲೇ ಇರುತ್ತದೆಂಬ ಲೆಕ್ಕ ಎಷ್ಟಿತ್ತೋ, ಕೆದಕಲು ಹೋಗಲಿಲ್ಲ. ಡೆಕ್ಕಿನಲ್ಲಿ ಅಮ್ಮನ ಪಕ್ಕ ನಿಂತು ಸುಖದುಃಖ ಮಾತಾಡಬೇಕೆಂಬ ನನ್ನ ಆಸೆಗೆ ಮಾತ್ರ ಅಮ್ಮನ ಹತ್ತಿರ ಪುರುಸೊತ್ತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ಟೆಕ್ಸಸ್ಸಿನ ಅಜ್ಜಿಯ ಮಂಡಿನೋವು, ಊಟಕ್ಕೆ ಬಡಿಸುವ ಮಂಗಳೂರಿನ ಹುಡುಗನಿಗೆ ಕೂಡಿಬರದ ಮದುವೆ, ದಾವಣಗೆರೆಯವರೊಬ್ಬರ ಸೊಸೆಯ ಬಸಿರು, ಎಲ್ಲ ಅವಳ ತಲೆ ಮೇಲೇ ಬಿದ್ದಿತ್ತು. ಹೊತ್ತುಹೊತ್ತಿಗೆ ಊಟ, ಎಲ್ಲೆಲ್ಲೂ ದೀಪ, ಯಾರ ಕಡೆಯವರೆಂದು ತಿಳಿಯದ ಸಾವಿರಾರು ಜನ. ಇದು ಮದುವೆಮನೆಯೇ ಎಂದು ಅವಳು ಹತ್ತಿದ ದಿನವೇ ತೀರ್ಮಾನಿಸಿದ್ದಳು. ಹಾಗಾಗಿ ಕೊನೆಯ ದಿನವೆಂದರೆ ಕೊಡುವವರಿಗೆಲ್ಲ ಕೊಟ್ಟು, ಹೇಳುವವರಿಗೆಲ್ಲ ಹೇಳಿ, ಛತ್ರ ಖಾಲಿ ಮಾಡುವ ದಿನ.

"ಟಿಪ್ಸು ಬಿಲ್ಲಲ್ಲೇ ಸೇರಿದೆ ಅಮ್ಮ. ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಅವರೇ ಹಿಡಕೊಳ್ತಾರೆ."

ಅಮ್ಮ ಅದನ್ನು ರೂಪಾಯಿಗೆ ತಿರುಗಿಸಿ, ಎರಡು ತಲೆಗೆ ಗುಣಿಸಿ, ಒಂದು ಸಲ ದೇವರ ಹೆಸರು ಹೇಳಿ ಸುಧಾರಿಸಿಕೊಂಡಳು. "ಅದು ಅವರು ಹಿಡಕೊಂಡಿದ್ದು. ನಾವು ಕೊಟ್ಟ ಹಾಗೆ ಎಲ್ಲಾಯ್ತು?"

ಕೊಡಬೇಕಾದದ್ದು ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಬಾಲಿಯ ಹುಡುಗನಿಗೆ. ದಿನಾ ಸಂಜೆ ಹಾಸಿಗೆ ಸರಿಮಾಡಿ ಟವೆಲ್ಲಿನಲ್ಲಿ ಒಂದೊಂದು ಪ್ರಾಣಿ ಮಡಿಚಿಟ್ಟು ಹೋಗುತ್ತಿದ್ದ. ಒಂದು ದಿನ ಆನೆ ಬಂತು. ಅಮ್ಮ ಸೊಂಡಿಲು ನೋಡಿದವಳೇ ಹಣೆಗೆ ಕುಂಕುಮ ಇಟ್ಟಳು. ಆ ಟವೆಲ್ಲು ಆಮೇಲೆ ಮೈ ಒರೆಸಲು ಸಿಗಲಿಲ್ಲ. ಬಾಲಿಯವರಲ್ಲೂ ಹೆಚ್ಚಿನವರು ಹಿಂದೂಗಳೇ. ಹುಡುಗ ಕುಂಕುಮ ಕಂಡು ಕೈಮುಗಿದು, ಮರುದಿನದಿಂದ ದಿಂಬಿನ ಮೇಲಿಡುವ ಚಾಕೊಲೇಟನ್ನು ಆನೆಯ ಮುಂದಿಡತೊಡಗಿದ. ಈಗ ಇಳಿಯುವ ಹೊತ್ತಿಗೆ ವಿಸರ್ಜನೆಯ ಪ್ರಶ್ನೆ ಎದ್ದಿತು.

"ಸುತ್ತ ನೀರೇ ಇದೆಯಲ್ಲೇ," ಎಂದಳು ಅಮ್ಮ ಬಾಲ್ಕನಿ ಕಡೆ ನೋಡುತ್ತ.

ಹಡಗಿನಿಂದ ಸಮುದ್ರಕ್ಕೆ ಕಸ ಎಸೆಯದಂತೆ ಮಾರ್ಪೋಲ್ ಅಂತ 1973ರ ಅಂತರರಾಷ್ಟ್ರೀಯ ಒಪ್ಪಂದವೇ ಇದೆ ಎಂದೆ. "ಗಣಪತಿ ಕಸ ಹ್ಯಾಗಾಗ್ತಾನೆ ಮಾರಾಯ್ತಿ?" ಎಂದು ಅವಳು ಕೇಳಿದ್ದಕ್ಕೆ ಒಪ್ಪಂದದಲ್ಲಿ ಉತ್ತರವಿಲ್ಲ. ಕೊನೆಗೆ ಬಾಲಿಯ ಹುಡುಗನೇ ಆನೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮೊದಲು ಸೊಂಡಿಲು, ಆಮೇಲೆ ಕಿವಿ, ಅವಸರವಿಲ್ಲದೆ ಬಿಚ್ಚಿ ಮಡಿಚಿದ. ಅಮ್ಮ ಕವರಿನಲ್ಲಿ 20 ಡಾಲರ್ ಹಾಕಿ ಅಲ್ಲೇ ತಡೆದಳು. ಮೇಲೊಂದು ಇಲ್ಲ. ಸೊನ್ನೆಗೆ ನಿಲ್ಲಿಸಿ ಕೊಡುವುದುಂಟೇ?

ಹಡಗಿನಲ್ಲಿ ಎಲ್ಲಕ್ಕೂ ಕಾರ್ಡು, ರೊಕ್ಕ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಡಾಲರ್ ನೋಟಿಗಾಗಿ ನಾನು ಕೆಳಗಿನ ಕೌಂಟರಿನ ಸಾಲಿಗೆ ನಿಂತೆ. ಕೊನೆಯ ಸಂಜೆ ಆ ಸಾಲಿನಲ್ಲಿ ನಿಲ್ಲುವವರೆಲ್ಲ ಬಿಲ್ಲಿನ ಜಗಳಕ್ಕೆ ಬಂದವರು. ನನ್ನ ಮುಂದಿನವನು ತಾನು ಕುಡಿಯದ ಕಾಕ್‌ಟೇಲುಗಳ ಪಟ್ಟಿ ಹಿಡಿದು ವಾದಿಸುತ್ತಿದ್ದ. ಅವನ ಹೆಂಡತಿ ಗೋಡೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಮುಕ್ಕಾಲು ಗಂಟೆ ಕಳೆದು ನನ್ನ ಸರದಿ ಬಂದಾಗ, ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದ ಹುಡುಗಿ "ಒಂದೇ ಡಾಲರಾ?" ಎಂದು ಎರಡು ಸಲ ಕೇಳಿದಳು. ಹಿಂದಿನಿಂದ ಅಮ್ಮನ ದನಿ: "ಸ್ವಲ್ಪ ಹೊಸಾ ನೋಟು ಇದೆಯಾ ಕೇಳು."

ರಾತ್ರಿ ಎಂಟರ ಹೊತ್ತಿಗೆ ಹಡಗು ಕೆನಡಾದ ವಿಕ್ಟೋರಿಯಾಕ್ಕೆ ಬಂತು. ಈ ಊರಿನ ಮೇಲೆ ಅಮ್ಮನಿಗೆ ಮೊದಲೇ ಸಿಟ್ಟು. ಅಮೆರಿಕದ ವೀಸಾ ಇದ್ದರೂ, ಮೂರು ನಾಲ್ಕು ಗಂಟೆಯ ಈ ನಿಲುಗಡೆಗೆಂದು ಕೆನಡಾದ ವೀಸಾ ಬೇರೆ ಮಾಡಿಸಿ, ಮತ್ತೆ ಹತ್ತು ಬೆರಳೂ ಒತ್ತಿ ಬಂದಿದ್ದಳು. "ಅಮೆರಿಕದಿಂದ ಅಮೆರಿಕಕ್ಕೇ ಹೋಗೋಕೆ ಇದೆಲ್ಲ ಯಾಕೆ?" ಎಂದು ವಾರವೆಲ್ಲ ಕೇಳಿದ್ದಕ್ಕೆ ನಾನು ಕೂತು ವಿವರಿಸಿದೆ. ಪರದೇಶದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸಬಾರದೆಂದು 1886ರಲ್ಲಿ ಅವರು ತಮ್ಮ ಹಡಗಿನವರನ್ನು ಕಾಪಾಡಲು ಒಂದು ಕಾಯಿದೆ ಮಾಡಿದರು. ನಾವು ಹತ್ತಿದ್ದು ಬಹಾಮಾಸ್‌ನಲ್ಲಿ ನೋಂದಾಯಿಸಿದ ಹಡಗು. ಆದ್ದರಿಂದ ನಡುವೆ ಎಲ್ಲಾದರೂ ಒಂದು ಪರದೇಶದ ನೆಲ ಮುಟ್ಟಲೇಬೇಕು. ಕೋವಿಡ್ಡಿನಲ್ಲಿ ಕೆನಡಾ ಬಂದರು ಮುಚ್ಚಿಕೊಂಡಾಗ, 2021ರಲ್ಲಿ, ಅಮೆರಿಕದ ಸಂಸತ್ತೇ ಕೂತು ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು.

ಅಮ್ಮನ ಮುಖ ಅರಳಿತು. "ಕಾಶೀಯಾತ್ರೆ ಅನ್ನು!"

ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಮದುಮಗ ನಿಜವಾಗಿ ಕಾಶಿಗೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಹೊರಡದೆ ಮದುವೆ ಆಗುವುದಿಲ್ಲ. ಆಮೇಲೆ ಅವಳಿಗೆ ವಿಕ್ಟೋರಿಯಾದ ಮೇಲೆ ಸಿಟ್ಟು ಉಳಿಯಲಿಲ್ಲ. ಕೊಡೆ ಹಿಡಿದು ಇಳಿದಳು, ಪ್ರಾಂತ್ಯದ ಶಾಸನಸಭೆಯ ಭವನಕ್ಕೆ 3,000ಕ್ಕೂ ಹೆಚ್ಚು ಬಲ್ಬು ಹೊತ್ತಿಸಿದ್ದನ್ನು ನೋಡಿದಳು, "ಮೈಸೂರು ಅರಮನೆಗೆ ಲಕ್ಷದ ಹತ್ತಿರ ಹಾಕ್ತಾರೆ ಅಂತ ಇವರಿಗೆ ಯಾರೂ ಹೇಳಿಲ್ವಾ?" ಎಂದಳು. ಅಲಾಸ್ಕಾದ ಕೆಚಿಕನ್‌ನಲ್ಲೂ ಹೀಗೇ ಆಗಿತ್ತು. ವರ್ಷಕ್ಕೆ ಸುಮಾರು 150 ಇಂಚು ಮಳೆ ಎಂದು ಆ ಊರಿನವರಿಗೆ ಬಹಳ ಹೆಮ್ಮೆ, ಮಳೆ ಅಳೆಯುವ ದೊಡ್ಡ ಬೋರ್ಡನ್ನೇ ನಿಲ್ಲಿಸಿಕೊಂಡಿದ್ದಾರೆ. ಆಗುಂಬೆಯಲ್ಲಿ ಸುಮಾರು 300 ಇಂಚು ಬೀಳುತ್ತದೆ. ಅಮ್ಮ ಆ ಬೋರ್ಡಿನ ಮುಂದೆ ನಿಂತು, "ಪಾಪ, ಇರಲಿ" ಎಂದಿದ್ದಳು.

ಹಡಗಿಗೆ ಮರಳಿದರೆ ಇನ್ನೊಂದು ಶಾಸ್ತ್ರ. ಮಲಗುವ ಮೊದಲು ಸೂಟ್‌ಕೇಸಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗಿಡಬೇಕು, ರಾತ್ರಿ ಹಡಗಿನವರು ಒಯ್ದು ಬೆಳಿಗ್ಗೆ ದಡದಲ್ಲಿ ಕೊಡುತ್ತಾರೆ. ರೈಲಿನಲ್ಲಿ ಸೀಟಿನ ಕಾಲಿಗೆ ಸರಪಳಿ ಹಾಕಿ ಬೀಗ ಜಡಿದು, ಬೀಗದ ಕೈ ಸೆರಗಿಗೆ ಗಂಟು ಹಾಕಿ ಮಲಗುವ ನನ್ನ ಅಮ್ಮನಿಗೆ ಇದನ್ನು ಹೇಳಿದೆ.

"ಹೊರಗಾ? ಯಾರಾದ್ರೂ ಹೊತ್ಕೊಂಡು ಹೋದ್ರೆ?"

"ನಡುಸಮುದ್ರದಲ್ಲಿ ಎಲ್ಲಿಗೆ ಹೊತ್ಕೊಂಡು ಹೋಗ್ತಾರಮ್ಮ?"

"ಅರಸೀಕೆರೆ ಬರೋವರೆಗೆ ನಿನ್ನ ಅಪ್ಪನೂ ಹೀಗೇ ಅಂತಿದ್ರು."

ಹನ್ನೆರಡರವರೆಗೆ ಬಾಗಿಲ ಕಿಂಡಿಗೆ ಕಣ್ಣಿಟ್ಟು ಕಾದಳು. ಕೊನೆಗೆ ಬಂದವನು ಬಾಲಿಯ ಹುಡುಗನೇ ಎಂದು ಖಾತ್ರಿಯಾದ ಮೇಲೆ ಮಲಗಿದಳು.

ಬೆಳಿಗ್ಗೆ ಇಳಿಯುವ ಮುನ್ನ ಬಫೆಯಿಂದ ಅವಳ ಕೈಚೀಲಕ್ಕೆ ಆರು ಬಾಳೆಹಣ್ಣು ಬಂದಿದ್ದವು. ಹಣ್ಣು ದಡಕ್ಕೆ ಒಯ್ಯುವಂತಿಲ್ಲ, ಕೀಟ ಬರುತ್ತದೆಂದು ಅಮೆರಿಕದ ಕಸ್ಟಮ್ಸಿನವರು ಹಿಡಿಯುತ್ತಾರೆ ಎಂದೆ. ಎಸೆಯುವ ಮಾತೇ ಇಲ್ಲ. ಇಳಿಯುವ ಸಾಲಿನಲ್ಲೇ ನಿಂತು ಅಮ್ಮ ಎರಡು ತಿಂದು, ನನಗೆ ಎರಡು ತಿನ್ನಿಸಿ, ಟೆಕ್ಸಸ್ಸಿನ ಅಜ್ಜಿಯನ್ನು ಹುಡುಕಿ "ಮಂಡಿಗೆ ಒಳ್ಳೇದು" ಎಂದು ಕನ್ನಡದಲ್ಲೇ ಹೇಳಿ ಉಳಿದೆರಡು ಕೊಟ್ಟಳು. ಅಜ್ಜಿಗೆ ಅರ್ಥವಾಗುತ್ತಿತ್ತು, ವಾರದಲ್ಲಿ ರೂಢಿಯಾಗಿತ್ತು. ತಿನ್ನುವಂಥದ್ದು ಏನಾದರೂ ತಂದಿದ್ದೀರಾ ಎಂದು ಅಧಿಕಾರಿ ಕೇಳಿದಾಗ ನನ್ನ ಬಾಯಿ ತುಂಬ ಬಾಳೆಹಣ್ಣೇ ಇದ್ದುದರಿಂದ ಬರಿದೇ ತಲೆ ಅಲ್ಲಾಡಿಸಿದೆ.

ಸಾಮಾನಿನ ಹಾಲಿನಲ್ಲಿ ಕಪ್ಪು ಸೂಟ್‌ಕೇಸುಗಳ ಸಮುದ್ರ. ನಮ್ಮದಕ್ಕೆ ಗುರುತಿಗೆಂದು ಕೆಂಪು ರವಿಕೆ ಕಣ ಕಟ್ಟಿತ್ತು. ಅಲ್ಲಿ ಕೆಂಪು ರವಿಕೆ ಕಣ ಕಟ್ಟಿದವು ನಾಲ್ಕು ಸಿಕ್ಕವು. ಅಮ್ಮ ಮುಚ್ಚಳದ ಮೇಲೆ ದಪ್ಪ ಪೆನ್ನಿನಲ್ಲಿ ತನ್ನ ಹೆಸರು, ಕೋಂ ಎಂದು ಹಾಕಿ ಅಪ್ಪನ ಹೆಸರು, ಅಂಚೆ, ಹೋಬಳಿ, ತಾಲೂಕು ಸಮೇತ ಬರೆದಿದ್ದರಿಂದ ತಕರಾರಾಗಲಿಲ್ಲ.

ವಿಮಾನ ನಿಲ್ದಾಣದಲ್ಲಿ ನೆಲ ಇನ್ನೂ ತೂಗುತ್ತಿತ್ತು. ಹಡಗು ಇಳಿದವರಿಗೆ ಒಂದೆರಡು ದಿನ ಹೀಗಾಗುವುದುಂಟು. ಅಮ್ಮ ಓಲಾಡಿದ್ದನ್ನು ಕಂಡು ಯಾರೋ ವೀಲ್‌ಚೇರ್ ತಂದರು. ಅವಳು ಬೇಡ ಅನ್ನಲಿಲ್ಲ. ಅದರಲ್ಲಿ ಕೂತು ಎಲ್ಲ ಸಾಲು ದಾಟಿ ಮುಂದೆ ಹೋದಳು, ಸಾಮಾನು ಹೊತ್ತು ನಾನು ಹಿಂದೆ ಓಡಿದೆ. ಕೈಚೀಲದಲ್ಲಿ 350 ಮಿಲಿಗಿಂತ ಹೆಚ್ಚು ಪುಡಿ ಕಂಡರೆ ತಪಾಸಣೆಯವರು ಬೇರೆಯಾಗಿ ತೆಗೆದು ನೋಡಬಹುದು. ಚಟ್ನಿಪುಡಿ ಡಬ್ಬಿಯನ್ನು ಪಕ್ಕಕ್ಕೆ ಕರೆದೊಯ್ದರು, ಬಟ್ಟೆಯ ತುಣುಕಿನಿಂದ ಒರೆಸಿ ಯಂತ್ರಕ್ಕೆ ಕೊಟ್ಟರು. ಪಾಸಾಯಿತು.

ಮನೆಗೆ ಬಂದರೆ ಗಂಡ ಬಾಗಿಲಲ್ಲೇ ನಿಂತಿದ್ದ. ವಾರವಿಡೀ ಪಿಜ್ಜಾ ತಿಂದ ಮುಖ. "ಅತ್ತೆ, ಅಂತೂ ಬಂದ್ರಲ್ಲ! ತಿಳಿಸಾರು ಅನ್ನ ಸಾಕು, ಬೇರೇನೂ ಬೇಡ." ಅಮ್ಮ ಕೈಕಾಲು ತೊಳೆದು ಬಂದು ಊಟದ ಮೇಜಿನ ಮುಂದೆ ಕೂತಳು. ಕಾಗದದ ಕರವಸ್ತ್ರವನ್ನು ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡಳು. ಅಡಿಗೆಮನೆ ಕಡೆ ನೋಡಿ ಕಾದಳು. ಸಾರು ನಾನೇ ಮಾಡಿದೆ.

ಶಿವಮೊಗ್ಗದಲ್ಲಿ ಬೆಳಿಗ್ಗೆ ಎಂಟೂವರೆ ಆಗಿರಬೇಕು. ನಾನು ಪಾತ್ರೆ ತೊಳೆಯುತ್ತಿದ್ದಾಗ ಒಳಗಿನ ಕೋಣೆಯಿಂದ ಅಮ್ಮ ಶಿವಮೊಗ್ಗದ ಚಿಕ್ಕಮ್ಮನೊಂದಿಗೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ನನಗೇನೂ ಕಷ್ಟ ಆಗ್ಲಿಲ್ವೇ. ಇವಳಿಗೇ ಸ್ವಲ್ಪ ಜನ ಸೇರಲ್ಲ, ನಿನಗೆ ಗೊತ್ತಲ್ಲ, ಚಿಕ್ಕೋಳಿದ್ದಾಗಿಂದ ಹಂಗೇ. ಯಾವಾಗ ನೋಡಿದ್ರೂ ಆ ಕಂಬಿ ಹಿಡ್ಕೊಂಡು ಒಬ್ಬಳೇ ಸಮುದ್ರ ನೋಡ್ತಾ ನಿಂತಿರೋಳು. ನಾನು ಹೆಂಗೋ ಸುಧಾರಿಸ್ಕೊಂಡು ಬಂದೆ. ಮುಂದಿನ ಸಲ ನಾವಿಬ್ರೇ ಹೋಗೋಣ. ಸುಮ್ನೆ ಇವಳಿಗೆ ಯಾಕೆ ಶ್ರಮ?"