ಎರಡು ದೋಣಿಯ ಮಾಳಿಗೆ

ನಮ್ಮ ಊರಿನ ಹೆಸರನ್ನು ಬೆಂಗಳೂರಿನಲ್ಲಿ ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಂಡವರನ್ನು ನಾನಿನ್ನೂ ನೋಡಿಲ್ಲ. ಮಂಠಾಳ ಎಂಬುದು ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ತಿರುಗಿ ಬರುವಷ್ಟರಲ್ಲಿ ಮಂಥಲ್ ಆಗಿರುತ್ತದೆ, ಮಂತಾಲ ಆಗಿರುತ್ತದೆ. ಒಮ್ಮೆ ‘ಮಂಥ್ಲಿ’ಯೂ ಆಗಿತ್ತು. “ಠಾ ಸರ್, ಠಾಣೆಯ ಠಾ” ಎಂದು ಬಿಡಿಸಿ ಹೇಳುತ್ತೇನೆ. ಅಂಕಲಿಪಿಯಲ್ಲಿ ಕೆಲಸವಿಲ್ಲದೆ ಕೂತ ಆ ಅಕ್ಷರಕ್ಕೆ ಅನ್ನ ಹಾಕಿದ ಊರು ನಮ್ಮದು. ಹೋಬಳಿ ಊರಾದ್ದರಿಂದ ಪೊಲೀಸ್ ಠಾಣೆಯೂ ಉಂಟು. ಮಂಠಾಳ ಠಾಣೆ ಎಂದರೆ ಒಂದೇ ಉಸಿರಿನಲ್ಲಿ ಎರಡು ಠಾ.

ಬಸವಕಲ್ಯಾಣ ತಾಲ್ಲೂಕು, ಬೀದರ್ ಜಿಲ್ಲೆ ಎಂದ ಕೂಡಲೇ ಮುಂದಿನ ಮಾತು: “ಅಬ್ಬಾ, ಅಲ್ಲಿ ತುಂಬಾ ಬಿಸಿಲಲ್ವಾ?” ಬಿಸಿಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಡಿಸೆಂಬರಿನಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ಎಂದು ಪತ್ರಿಕೆಯ ಮೂಲೆಯಲ್ಲಿ ಆಗಾಗ ಅಚ್ಚಾಗುವ ಹೆಸರೂ ಬೀದರಿನದೇ. ಇದನ್ನು ಯಾರೂ ಓದುವುದಿಲ್ಲ. ಒಬ್ಬರಿಗೆ ರೇಗಿ, “ನಮ್ಮದು ದಖ್ಖನ್ ಪ್ರಸ್ಥಭೂಮಿ ರೀ, ಸಮುದ್ರ ಮಟ್ಟದಿಂದ 600 ಮೀಟರ್ ಎತ್ತರ” ಎಂದುಬಿಟ್ಟೆ. ಅವರು ಸಟ್ಟನೆ ಮೊಬೈಲ್ ತೆಗೆದು, “ಹೋಮ್‌ಸ್ಟೇ ಇದ್ಯಾ?” ಎಂದರು. ಅವರು ನಿಂತಿದ್ದ ಬೆಂಗಳೂರು ನಮಗಿಂತ ಸುಮಾರು 300 ಮೀಟರ್ ಮೇಲಿದೆ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ಗೆಲ್ಲುತ್ತಿರುವ ವಾದವನ್ನು ಯಾರು ಕೆಡಿಸಿಕೊಳ್ಳುತ್ತಾರೆ?

ಕೊಡಗಿನ ಎತ್ತರ ಫೋಟೊಕ್ಕೆ ಬರುತ್ತದೆ. ನಮ್ಮದು ಬರುವುದಿಲ್ಲ. ತೊಗರಿ ಹೊಲ, ಅದರಾಚೆ ಸೋಯಾ, ಅದರಾಚೆ ಮತ್ತೆ ತೊಗರಿ, ನಡುವೆ ಒಂದು ಬೇವಿನ ಗಿಡ. ನಾವು ಎತ್ತರದಲ್ಲಿದ್ದೇವೆ ಎಂಬುದು ನೀರಿಗಷ್ಟೇ ಗೊತ್ತು. ವರ್ಷಕ್ಕೆ 850 ಮಿಲಿಮೀಟರಿನ ಆಸುಪಾಸು ಮಳೆ. ರಾಯಚೂರಿನವರು ಕೇಳಿದರೆ ಹೊಟ್ಟೆಕಿಚ್ಚು ಪಡುವಷ್ಟು. ಆದರೆ ಬಂದ ನೀರು ನೆಂಟರಂತೆ ಚಪ್ಪಲಿ ಹುಡುಕುತ್ತಲೇ ಇರುತ್ತದೆ. ಬೇಸಿಗೆಗೆ ಮತ್ತೆ ಹೆಣ್ಣುಮಕ್ಕಳ ಟೊಂಕಕ್ಕೆ ಕೊಡ.

ಈ ನೀರಿನ ಗುಟ್ಟನ್ನು ನನಗೆ ಹೇಳಿದವನು ಮುತ್ಯಾ, ಅಂದರೆ ಅಜ್ಜ. ನಮ್ಮ ಹಳೆಯ ಮನೆಗೆ ಕಲ್ಲು ಮಣ್ಣಿನ ಗೋಡೆ, ಮೇಲೆ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸಿಬಿರು, ಅದರ ಮೇಲೆ ಮೊಳ ದಪ್ಪದ ಮಣ್ಣು. ಮಿರಗದ ಮಳೆ ಹಿಡಿಯುವ ಮೊದಲು ವರ್ಷವೂ ಹೊಸ ಮಣ್ಣು ಹಾಕುವರು, ಹಳೆಯದನ್ನು ಯಾರೂ ತೆಗೆಯರು. ಆದರೂ ಸೋರುವುದು. ಹನಿ ಬಿದ್ದಲ್ಲಿ ಆಯಿ, ನಮ್ಮ ಅಜ್ಜಿ, ಒಂದು ತಾಟು ಇಡುವಳು. ಟಣ್ ಎಂಬ ಸದ್ದಿಗೆ ಮುತ್ಯಾ ಗೋಣಿಚೀಲದ ಕೊಪ್ಪೆ ಹೊದ್ದು ಮಾಳಿಗೆ ಹತ್ತಿ ಹಿಮ್ಮಡದಿಂದ ಮಣ್ಣು ತುಳಿಯುವನು. “ಇಲ್ಲೇನು?” “ಇನ್ನಾ ಸೊಲ್ಪ ಈಚಿಗಿ ಬರ್ರಿ.” “ಇಲ್ಲಿ?” “ಹಾಂ, ಅಲ್ಲೇ ತುಳೀರಿ.” ಅವರಿಬ್ಬರು ಅಷ್ಟು ಒಮ್ಮತದಿಂದ ಮಾತಾಡಿದ್ದನ್ನು ನಾನು ಮನೆ ಸೋರುವಾಗ ಮಾತ್ರ ಕೇಳಿದ್ದೇನೆ.

ಮಾಳಿಗೆಗೆ ಮಳೆನೀರು ಹೊರಹಾಕುವ ಎರಡು ಕಲ್ಲಿನ ದೋಣಿ, ಒಂದು ಬಡಗಣಕ್ಕೆ, ಒಂದು ತೆಂಕಣಕ್ಕೆ. ಮಳೆ ನಿಂತ ಮೇಲೆ ಮುತ್ಯಾ ಚಹಾ ಕುಡಿಯುತ್ತ ತೋರಿಸುವನು: “ನೋಡು ತಮ್ಮಾ, ಈ ದ್ವಾಣಿ ನೀರು ಗೋದಾವರಿಗಿ ಹೋಗ್ತದ. ಆ ದ್ವಾಣೀದು ಕೃಷ್ಣಾಕ್ಕ.” ಉರ್ದುವಿನಲ್ಲಿ ನಾಲ್ಕನೇ ಇಯತ್ತೆ ಓದಿದವನ ಬಡಾಯಿ ಅಂದುಕೊಂಡಿದ್ದೆ. ಮುಂದೆ ಕಾಲೇಜಿನಲ್ಲಿ ನಕಾಶೆ ಬಿಚ್ಚಿದಾಗ ನಗು ಅರ್ಧಕ್ಕೆ ನಿಂತಿತು. ತಾಲ್ಲೂಕಿನ ಬಡಗಣ ಸೆರಗಿನ ನೀರು ಮಾಂಜ್ರಾ ಹಿಡಿದು ಗೋದಾವರಿಗೆ. ನಮ್ಮ ತಾಲ್ಲೂಕಿನಲ್ಲೇ ಹುಟ್ಟುವ ಮುಲ್ಲಾಮಾರಿ ಹುಮನಾಬಾದ್, ಚಿಂಚೋಳಿ ದಾಟಿ ಕಾಗಿಣಾ, ಭೀಮಾ ಸೇರಿ ಕೃಷ್ಣೆಗೆ. ಒಂದೇ ಮೋಡದ ಮಳೆ ಇಲ್ಲಿ ಮುಖ ತಿರುವಿಕೊಂಡು ಹೋಗಿ, ನೂರಾರು ಮೈಲಿ ಆಚೆ ಆಂಧ್ರದ ಒಂದೇ ಕಡಲಿಗೆ ಬೀಳುತ್ತದೆ. ಪಾಲಾದ ಅಣ್ಣತಮ್ಮಂದಿರು ಮದುವೆ ಮನೆಯಲ್ಲಿ ಎದುರುಬದುರು ಊಟಕ್ಕೆ ಕೂತ ಹಾಗೆ.

ಪಾಲು ನಮ್ಮ ನೆಲದ ಗುಣವೇ ಇರಬೇಕು. ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಇದೇ ಕಲ್ಯಾಣದಲ್ಲಿ, ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಮಗ ಹುಟ್ಟಿದ ಗಳಿಗೆಯಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರ ಎಂದು ಬಂಗಾಳ ಬಿಟ್ಟು ಬಹುಪಾಲು ದೇಶಕ್ಕೆ ಲೆಕ್ಕ ಹೇಳಿಕೊಟ್ಟ ಪುಣ್ಯಾತ್ಮ. ಅವನ ಊರಿನ ಸೆರಗಿನಲ್ಲಿರುವ ನಮ್ಮ ಕಾಕಾಂದಿರಿಗೆ ಒಂದು ಬದುವಿನ ಲೆಕ್ಕ 22 ವರ್ಷ ಹತ್ತಲಿಲ್ಲ. ಬದುವಿನ ಮೇಲೆ ಒಂದು ಹುಣಸೆಮರ. ಕಾಂಡ ದೊಡ್ಡ ಕಾಕಾನ ಹೊಲದಲ್ಲಿ, ಹಣ್ಣು ಬೀಳುವುದು ಸಣ್ಣ ಕಾಕಾನ ಹೊಲದಲ್ಲಿ. ಮಿತಾಕ್ಷರದಲ್ಲಿ ಇದಕ್ಕೆ ಉತ್ತರವಿದ್ದೀತು, ಆದರೆ ಪಹಣಿಯಲ್ಲಿ ಇರಲಿಲ್ಲ.

1956ರ ನವೆಂಬರ್ 1ರಂದು ಆದದ್ದು ಇನ್ನೂ ದೊಡ್ಡ ಪಾಲು. ಹೈದರಾಬಾದ್ ರಾಜ್ಯ ಮೂರಾಯಿತು, ಜೊತೆಗೆ ಹಳೆಯ ಬೀದರ್ ಜಿಲ್ಲೆಯೂ. ಉದಗೀರ, ನಿಲಂಗಾ, ಅಹ್ಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದವರು ಮೈಸೂರಿಗೆ. ಮುತ್ಯಾನ ಒಬ್ಬ ತಂಗಿಯನ್ನು ಉದಗೀರಕ್ಕೆ ಕೊಟ್ಟಿತ್ತು, ಇನ್ನೊಬ್ಬಳನ್ನು ಜಹೀರಾಬಾದಿಗೆ. ಇಬ್ಬರೂ ರಾತ್ರಿ ಮಲಗಿದ್ದಲ್ಲೇ ಮಲಗಿ ಬೆಳಗಾಗುವುದರೊಳಗೆ ಬೇರೆ ರಾಜ್ಯದವರಾದರು. ಮುಂದೆ ಅವರ ಮೊಮ್ಮಕ್ಕಳು ತವರಿಗೆ ಬಂದಾಗ ಒಬ್ಬ ಮರಾಠಿಯಲ್ಲಿ, ಇನ್ನೊಬ್ಬ ತೆಲುಗಿನಲ್ಲಿ ನೀರು ಕೇಳುವರು. ಜಗಳಕ್ಕೆ ಮಾತ್ರ ಎಲ್ಲರಿಗೂ ದಖ್ಖನಿ.

ಇಷ್ಟೆಲ್ಲ ಪಾಲಾದವರು ಒಂದಾಗುವುದು ಎಳ್ಳಮಾವಾಸ್ಯೆಗೆ. ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು, ಒಳಗೆ ಸುಣ್ಣ ಬಳಿದ ಐದು ಕಲ್ಲು ಪಾಂಡವರು. ಚರಗ ಚೆಲ್ಲಿದ ಮೇಲೆ ಭಜ್ಜಿ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ದಯವಿಟ್ಟು ತಿಳಿಯಿರಿ. ಹಸಿ ತೊಗರಿ, ಹಸಿ ಕಡಲೆ, ಶೇಂಗಾ, ಮೆಂತೆ, ಪಾಲಕ, ಗಜ್ಜರಿ, ಹೊಲ ಏನು ಕೊಟ್ಟಿದೆಯೋ ಅದೆಲ್ಲ ಒಂದೇ ಗುಂಡಿಯಲ್ಲಿ ಹುಣಸೆಹಣ್ಣು, ಕಡಲೆಹಿಟ್ಟಿನ ಜೊತೆ ಕುದ್ದು ಯಾವುದು ಯಾವುದೆಂದು ಗುರುತೇ ಸಿಗದಂತೆ ಆಗುವುದು. ಜೊತೆಗೆ ಸಜ್ಜೆ ರೊಟ್ಟಿ, ರಾತ್ರಿಯೆಲ್ಲ ಮಡಕೆಯಲ್ಲಿ ತಣ್ಣಗೆ ಕೂತ ಅಂಬಲಿ. ಆ ದಿನ ಕಾಕಾಂದಿರಿಬ್ಬರೂ ಅದೇ ಹುಣಸೆಮರದ ಕೆಳಗೆ ಕೂತು ಉಣ್ಣುವರು. ಹುಳಿ ಯಾರ ಪಾಲಿನದೆಂದು ಕೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗೆರೆ ಎಳೆದರೆ ನಮ್ಮಿಂದ ಬಹಳ ದೂರವೇನಲ್ಲ. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ದಣಿದು ಮಲಗಿದ್ದ ಜನ. ಸತ್ತವರು 10,000ದ ಹತ್ತಿರ. ಹೆಚ್ಚಿನವರನ್ನು ಕೊಂದದ್ದು ಅವರವರದೇ ಕಲ್ಲು ಗೋಡೆ, ವರ್ಷ ವರ್ಷ ತಾವೇ ಮಣ್ಣು ಹಾಕಿ ಭಾರ ಮಾಡಿದ ಮಾಳಿಗೆ. ನಮ್ಮ ಗೋಡೆ ಬಿರುಕು ಬಿಟ್ಟು ನಿಂತಿತು. ಮುತ್ಯಾ ಹಾಸಿಗೆಯನ್ನು ಅಂಗಳಕ್ಕೆ ತಂದ. ತಿಂಗಳಾನುಗಟ್ಟಲೆ ಮಾಳಿಗೆಯ ಕಡೆಗೇ ಮುಖ ಮಾಡಿ ಮಲಗಿದ, ಬೆನ್ನು ಕೊಟ್ಟರೆ ಅದು ಏನು ಮಾಡೀತೋ ಎಂಬಂತೆ. ಮರುವರ್ಷ ಮಿರಗ ಬಂದರೂ ಹೊಸ ಮಣ್ಣು ಹಾಕಿಸಲಿಲ್ಲ. ಆಯಿ ಮಾತಾಡದೆ ಇನ್ನೆರಡು ತಾಟು ತಂದಿಟ್ಟಳು.

ಅವರಿಬ್ಬರೂ ಹೋದ ಮೇಲೆ ಕಾಕಾನ ಮಗ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸಿದ. ಒಳ್ಳೆಯ ಕೆಲಸ, ಸೋರುವುದಿಲ್ಲ, ನಿದ್ದೆ ಬರುತ್ತದೆ. ಇಳಿಜಾರು ತೆಂಕಣಕ್ಕೆ ಒಂದೇ ಕಡೆ. ಅಲ್ಲೊಂದು ಪೈಪು, ಪೈಪಿನ ಕೆಳಗೆ ನೀಲಿ ಡ್ರಮ್ಮು. ಬಡಗಣ ದೋಣಿಯ ಕಲ್ಲು ಅಂಗಳದ ಮೂಲೆಯಲ್ಲಿ ಬಿದ್ದಿದೆ. ಅದರಲ್ಲಿ ನಾಯಿಗೆ ನೀರು ಹಾಕುತ್ತಾರೆ.